ಸೊಲ್ಲು ಹಿಡಿಯುವವರು

ಆರಿನ್ ಓಬ್ರಿಯನ್ 1966ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಸೇರಿದಾಗ ಅಲ್ಲಿದ್ದ ಒಬ್ಬಳೇ ಹೆಂಗಸು ಆಕೆ. ನುಡಿಸುತ್ತಿದ್ದುದು ಡಬಲ್ ಬಾಸ್. ಆಳೆತ್ತರದ ವಾದ್ಯ; ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಕಿವಿಗಿಂತ ಮೊದಲು ಕುರ್ಚಿಗೆ ಗೊತ್ತಾಗುವಷ್ಟು ತಗ್ಗಿನ ನಾದ. ತಂದೆ ತಾಯಿ ಇಬ್ಬರೂ ಹಾಲಿವುಡ್ ನಟರು. ಮಗಳು ಹಿಂದಿನ ಸಾಲನ್ನು ತಾನಾಗಿ ಆರಿಸಿಕೊಂಡು 55 ವರ್ಷ ಅಲ್ಲೇ ಇದ್ದು 2021ರಲ್ಲಿ ನಿವೃತ್ತಳಾದಳು. ಸೋದರ ಸೊಸೆ ಆಕೆಯ ಮೇಲೆ ತೆಗೆದ ಕಿರು ಸಾಕ್ಷ್ಯಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಎಲ್ಲರ ಕಣ್ಣಿಗೆ ಬೀಳುವ ಆಸೆ ತನಗಿರಲಿಲ್ಲ ಎಂದು ಅದರಲ್ಲಿ ಆಕೆ ಹೇಳುತ್ತಾಳೆ.

ಕೊಳ್ಳೇಗಾಲದ ಸೀಮೆಯಲ್ಲಿ ಡಬಲ್ ಬಾಸ್ ಹುಡುಕಿದರೆ ಸಿಗಲಿಕ್ಕಿಲ್ಲ. ಹಿಂದೆ ಕೂತು ಹಾಡಿಗೆ ಬುಡವಾಗುವ ಅದರ ಕೆಲಸ ಮಾಡುವವರು ಮಾತ್ರ ಧಾರಾಳವಾಗಿದ್ದಾರೆ, ಹಿಮ್ಮೇಳದಲ್ಲಿ.

ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರ ಮೇಳ ನೋಡಿ. ಇಲ್ಲಿ ತಂಬೂರಿ ಹಿಂದೆ ಕೂತ ಶಿಷ್ಯನ ಕೈಯಲ್ಲಿಲ್ಲ, ಕಥೆ ನಡೆಸುವವರ ಹೆಗಲಿಗೇ ಒರಗಿರುತ್ತದೆ. ಶಾಸ್ತ್ರೀಯ ಕಛೇರಿಯವರು ಇದನ್ನು ಗಮನಿಸಬೇಕು. ಶ್ರುತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹಾಡಲು ಕೂರುವುದು ಬೇರೆ, ಶ್ರುತಿ ಮೀಟುತ್ತಲೇ ರಾತ್ರಿಯಿಡೀ ಕಥೆ ಕಟ್ಟುವುದು ಬೇರೆ. ಜೊತೆಗೆ ಗಗ್ಗರ, ದಮ್ಮಡಿ, ತಾಳ. ಅತ್ತ ಹನೂರಿನ ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿಗೆ ಕಂಸಾಳೆ. ಬೀಸು ಕಂಸಾಳೆಯ ಕುಣಿತಕ್ಕೆ ಚಪ್ಪಾಳೆ ಜಾಸ್ತಿ. ನನಗೆ ಕೂತು ಹಾಡುವ ಕಥೆಯೇ ಹೆಚ್ಚು. ಮಾದಪ್ಪನ ಕಥೆಯ ಸಂಕಮ್ಮನ ಸಾಲು ಕೇಳಬೇಕಾದ್ದು ಕೂತೇ.

ಎರಡು ಕಡೆಯೂ ಮುಂದಾಳು ಒಂದು ಸೊಲ್ಲು ಎತ್ತಿದರೆ ಹಿಮ್ಮೇಳ ಅದರ ಬಾಲ ಹಿಡಿದು ಮರಳಿ ಹಾಡುತ್ತದೆ. ಇದನ್ನು ಬರೀ ಹೂಂಗುಟ್ಟುವಿಕೆ ಎಂದುಕೊಂಡವರು ಬಹಳ. ಆದರೆ ಬರೆದಿಟ್ಟ ಪಾಠ ಎದುರಿಗಿಲ್ಲ. ಹಿಮ್ಮೇಳದವರು ಸೊಲ್ಲು ಹಿಡಿದಿರುವ ಆ ಎರಡು ಉಸಿರಿನೊಳಗೇ ಮುಂದಿನ ಸೊಲ್ಲು ಹುಟ್ಟಬೇಕು. ಅವರು ಅರೆಗಳಿಗೆ ತಡೆದರೆ ಲಯ ಕುಂಟುತ್ತದೆ, ಅವಸರಪಟ್ಟರೆ ಕಥೆ ಮುಗ್ಗರಿಸುತ್ತದೆ. ಮುಂದಾಳಿನ ಗಂಟಲು ಬೆಳಗಿನ ಜಾವಕ್ಕೆ ಒಡೆದಾಗ ಆಧಾರ ಸ್ವರ ಉಳಿಸಿಕೊಡುವವರೂ ಇವರೇ.

ಯಳಂದೂರಿಗೆ ಬಂದರೆ ಹಿಮ್ಮೇಳದ ಹೆಚ್ಚುಗಾರಿಕೆ ಇನ್ನೂ ನಿಚ್ಚಳ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನದಲ್ಲಿ ಇಡೀ ಹಾಡಿಗೆ ಹೆಸರು ಬಂದಿರುವುದೇ ಎಲ್ಲರೂ ಸೇರಿ ಹೇಳುವ ಪಲ್ಲವಿಯಿಂದ, ಮುಂದೆ ನಿಂತವರಿಂದಲ್ಲ.

ಹೆಸರಿನ ಮಾತು ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿ 2001ರಲ್ಲಿ ಇಂಗ್ಲಿಷಿಗೆ ತಂದ ಮಲೆ ಮಾದೇಶ್ವರ ಕಾವ್ಯದ ಶೀರ್ಷಿಕೆಯಲ್ಲೇ ಅದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಎಂದಿದೆ. ಹಾಡಿದವರಿಗೆ ಕವಿಯ ಸ್ಥಾನ ಕೊಟ್ಟದ್ದು ದೊಡ್ಡದು. ಆದರೂ ‘ತಂಡ’ ಎಂಬ ಆ ಒಂದು ಪದದಲ್ಲಿ ಎಷ್ಟೊಂದು ಗಂಟಲುಗಳು ಅಡಗಿ ಕೂತಿವೆ! ಓಬ್ರಿಯನ್‌ಗೆ ಸಂಬಳವಿತ್ತು, ನಿವೃತ್ತಿಯಿತ್ತು, ಕಡೆಗೆ ಸಿನಿಮಾವೂ ಬಂತು. ನಮ್ಮ ಹಿಮ್ಮೇಳದವರಿಗೆ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಸಿಕ್ಕಿದ್ದು ಹೆಚ್ಚಾಗಿ ‘ಮತ್ತು ಸಂಗಡಿಗರು’. ಹಿಂದೆ ಇರುವುದನ್ನು ಆಕೆ ಬಯಸಿ ಪಡೆದಳು. ಇವರನ್ನು ಯಾರೂ ಕೇಳಲಿಲ್ಲ.

ಹಿಮ್ಮೇಳದ ಪಾಡನ್ನು ಧ್ವನಿವರ್ಧಕ ಇನ್ನಷ್ಟು ಕೆಡಿಸಿದೆ. ಮೈಕು ಮುಂದಾಳಿನ ಬಾಯಿಗೆ, ಅದರ ಮೇಲೆ ‘ಎಕೋ’ ಬೇರೆ. ತಂಬೂರಿ ಕಣ್ಣಿಗೆ ಕಾಣುತ್ತದೆ, ಕಿವಿಗಿಲ್ಲ. ಕೆಲವರು ಕೀಬೋರ್ಡು ತಂದು ಆ ಜಾಗ ತುಂಬುತ್ತಾರೆ. ಅದು ತುಂಬುವುದು ಸದ್ದನ್ನು ಮಾತ್ರ.

ಹಿಮ್ಮೇಳ ಸರಿಯಾಗಿ ಕೇಳಬೇಕಾದರೆ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿ. ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲವೆಂಬ ಜ್ಯೋತಿ ಹೊತ್ತಿದ ಮೇಲೆ ಜನ ಚದುರುತ್ತಾರೆ. ಆಗ ಸ್ಪೀಕರಿನಿಂದ ದೂರ, ಯಾವುದಾದರೂ ಬಿಡಾರದ ಮುಂದೆ ಮೈಕಿಲ್ಲದೆ ಹಾಡುತ್ತಿರುವ ನೀಲಗಾರರನ್ನು ಹುಡುಕಿ. ಕೂರುವುದು ದಮ್ಮಡಿಯವರ ಮಗ್ಗುಲಿಗೆ. ಕಂಬಳಿ ಒಯ್ಯಿರಿ, ಜನವರಿಯ ಚಳಿ ಅಲ್ಲಿ ಜೋರು.