ಕಾವಲಿಗೆ ಕೂರಿಸಿದ ಹೆಂಡತಿ

ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ‘ಇಡೀ ಕುಟುಂಬದ ಪಾಲ್ಗೊಳ್ಳುವಿಕೆ’ಗೆ ಈಗ ಇರುವಷ್ಟು ಒಳ್ಳೆಯ ಹೆಸರು ಬೇರೆ ವಿಧಾನಗಳಿಗಿಲ್ಲ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಮನೋರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲೇ ಉಳಿಸಿಕೊಂಡದ್ದು, ವೆಲ್ಲೂರು ಮತ್ತು ನಿಮ್ಹಾನ್ಸ್ ಆ ದಾರಿಯಲ್ಲಿ ಮುಂದೆ ಹೋದದ್ದು ಬಲ್ಲವರಿಗೆ ಗೊತ್ತೇ ಇದೆ. ಆ ಪರಂಪರೆಯ ಮೇಲೆ ನನಗೆ ಗೌರವವಿದೆ. ಆದರೆ ಅದರ ಹೆಸರು ಹೇಳಿಕೊಂಡು ಕುಡಿತದ ಚಿಕಿತ್ಸೆಯಲ್ಲಿ ಹಲವು ಕಡೆ ನಡೆಯುತ್ತಿರುವುದು ಆ ಗೌರವಕ್ಕೆ ತಕ್ಕದ್ದಲ್ಲ. ಇಡೀ ಕುಟುಂಬ ಎಂದರೆ ಇಲ್ಲಿ ಹೆಂಡತಿ, ಅವಳಿಲ್ಲದಿದ್ದರೆ ತಾಯಿ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ನೂರಕ್ಕೆ 27.3, ಹೆಂಗಸರು 1.6 ಎಂದಿರುವಾಗ ಈ ಭಾರ ಯಾರ ತಲೆಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಪಾಲ್ಗೊಳ್ಳುವಿಕೆ ಎಂದರೆ ಅವಳನ್ನು ಕೂರಿಸಿ ಒಂದು ಗಂಟೆ ಬುದ್ಧಿ ಹೇಳುವುದು, ಡಿಸ್ಚಾರ್ಜ್ ದಿನ ಮಾತ್ರೆಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟು ‘ನೀವೇ ನಿಂತು ನುಂಗಿಸಿ’ ಎಂದು ಕಳಿಸುವುದು.

ಆ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಕುಡಿತದ ಚಿಕಿತ್ಸೆಗೆ ಇದು ಒದಗುತ್ತದೆಂದು 1948ರಲ್ಲಿ ಹೇಳಿದವರು ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸನ್. ಇದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆ ಭಯವೇ ಇಲ್ಲಿ ಮದ್ದು. ನುಂಗುವವನಿಗೆ ತಿಳಿದಿದ್ದರೆ ಮಾತ್ರ ಭಯ. ತಿಳಿಯದಂತೆ ಸಾರಿಗೆ ಬೆರೆಸಿದರೆ ಅದು ಚಿಕಿತ್ಸೆಯಲ್ಲ, ವಿಷಪ್ರಯೋಗ.

ಮನೆಯವರ ಕಣ್ಣೆದುರು ಮಾತ್ರೆ ನುಂಗುವ ಕ್ರಮವನ್ನು ನಾನು ತಳ್ಳಿಹಾಕುತ್ತಿಲ್ಲ. ಅದು ಕೆಲಸ ಮಾಡುತ್ತದೆ. 1982ರಲ್ಲಿ ಅಜ್ರಿನ್ ಮತ್ತು ಸಂಗಡಿಗರು 43 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಸಂಗಾತಿಯಿದ್ದವರಿಗೆ ಹೆಚ್ಚುಕಡಿಮೆ ಈ ಕ್ರಮವೇ ಸಾಕಾಯಿತು, ಒಂಟಿಗರಿಗೆ ಸಾಲಲಿಲ್ಲ. ಪ್ರಶ್ನೆ ಇರುವುದು ಆ ಕ್ರಮದ ವಿವರಗಳಲ್ಲಿ. ಮಸಾಚುಸೆಟ್ಸ್‌ನ ಮನೋವಿಜ್ಞಾನಿ ತಿಮೊತಿ ಓಫ್ಯಾರೆಲ್ ಬೆಳೆಸಿದ ದಂಪತಿ ಚಿಕಿತ್ಸೆಯಲ್ಲಿ ದಿನದ ಒಪ್ಪಂದ ಎಂಬುದೊಂದಿದೆ. ಅದನ್ನು ನಿಧಾನವಾಗಿ ನೋಡಬೇಕು. ದಿನದ ಒಂದು ಗೊತ್ತಾದ ಹೊತ್ತಿನಲ್ಲಿ ಗಂಡ ತಾನಾಗಿ ಮೊದಲು ಮಾತಾಡುತ್ತಾನೆ: ಇವತ್ತು ಕುಡಿಯುವುದಿಲ್ಲ ಎನ್ನುತ್ತಾನೆ. ಮಾತ್ರೆ ಇದ್ದರೆ ಅವಳೆದುರು ನುಂಗುತ್ತಾನೆ. ಅವಳು ಅದನ್ನು ಮೆಚ್ಚಿ ಒಂದು ಮಾತಾಡುತ್ತಾಳೆ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಹಿಂದಿನ ಕುಡಿತವನ್ನೂ ಮುಂದಿನ ಭಯವನ್ನೂ ಮನೆಯಲ್ಲಿ ಎತ್ತುವಂತಿಲ್ಲ. ಅವೆಲ್ಲ ಸಲಹೆಗಾರರ ಎದುರಿನ ಭೇಟಿಗೆ ಮೀಸಲು.

ಇಲ್ಲಿ ಯಾರು ಮೊದಲು ಬಾಯಿ ತೆರೆಯುತ್ತಾರೆ ಎಂಬುದೇ ಮುಖ್ಯ. ಗಂಡ ಮೊದಲು ಹೇಳಿದರೆ ಆ ಮಾತಿನ ಹೊಣೆ ಅವನದು, ಅವಳು ಸಾಕ್ಷಿ. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಒಲೆಯ ಮೇಲೆ ಹಾಲು, ಶಾಲೆಗೆ ಹೊರಟ ಮಕ್ಕಳು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ಅವಳೇ ಕೇಳುತ್ತಾಳೆ: ‘ರೀ, ಮಾತ್ರೆ ತಗೊಂಡ್ರಾ? ಎಲ್ಲಿ, ಬಾಯಿ ತೆಗೀರಿ.’ ಅವನು ನಾಲಗೆ ಎತ್ತಿ ತೋರಿಸುತ್ತಾನೆ, ಇಲ್ಲವೇ ರೇಗುತ್ತಾನೆ. ನಡುಮನೆಯಿಂದ ಅತ್ತೆಯ ದನಿ: ‘ಬೆಳಿಗ್ಗೆ ಎದ್ದ ಕೂಡಲೇ ನನ್ನ ಮಗನ ಪ್ರಾಣ ತಿಂತಾಳೆ.’ ಮಾತ್ರೆ ಅದೇ, ಮನೆಯೂ ಅದೇ, ಒಪ್ಪಂದ ಮಾತ್ರ ಪಹರೆಯಾಗಿದೆ. ಅವನು ಮತ್ತೆ ಕುಡಿದರೆ ಕಾವಲು ತಪ್ಪಿದವಳು ಎಂಬ ದೂರೂ ಅವಳ ಮೇಲೆಯೇ.

ಆ ಒಪ್ಪಂದದ ಎರಡನೆಯ ಷರತ್ತು ಇನ್ನೂ ಕಠಿಣ. ಹಳೆಯದನ್ನು ಕೆದಕಬೇಡಿ ಎಂಬ ಸಲಹೆಯನ್ನು ನಮ್ಮ ಕೇಂದ್ರಗಳು ಒಂದಕ್ಷರ ಬಿಡದೆ ಹೇಳುತ್ತವೆ. ಆದರೆ ಮೂಲದಲ್ಲಿ ಆ ಷರತ್ತಿನ ಪಕ್ಕದಲ್ಲೇ ಹನ್ನೆರಡರಿಂದ ಇಪ್ಪತ್ತು ವಾರಗಳ ಭೇಟಿ ಇದೆ. ಅಡವಿಟ್ಟ ಸರ, ತಿಂದ ಏಟು, ಮಗಳ ಮದುವೆಯ ದಿನದ ಅವಮಾನ, ಎಲ್ಲವನ್ನೂ ಅವಳು ಅಲ್ಲಿ ಹೇಳಬಹುದು; ಗಂಡ ಕೂತು ಕೇಳಬೇಕು. ನಾವು ಮೌನವನ್ನು ಉಳಿಸಿಕೊಂಡು ಭೇಟಿಯನ್ನು ಕೈಬಿಟ್ಟೆವು. ಮನೆಯಲ್ಲಿ ಅವಳ ಬಾಯಿ ಕಟ್ಟಿದೆವು, ಬಾಯಿ ಬಿಡಲು ಬೇರೆ ಜಾಗ ಕೊಡಲಿಲ್ಲ. ಗಂಡಸಿಗೆ ಅನುಕೂಲವಾದ ಅರ್ಧವನ್ನಷ್ಟೇ ತಂದು ಇಡೀ ಕುಟುಂಬದ ಚಿಕಿತ್ಸೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಬರುವ ಎರಡು ಉತ್ತರಗಳೂ ನನಗೆ ಸಮ್ಮತವಲ್ಲ. ಮೊದಲನೆಯದು ಸಹ-ಅವಲಂಬನೆಯ ವಾದ. 1986ರಲ್ಲಿ ಮೆಲಡಿ ಬೀಟಿಯ ಪುಸ್ತಕ ಅಮೆರಿಕದ ಮನೆಮಾತಾಗಿಸಿದ ಈ ಕಲ್ಪನೆಯನ್ನು ನಮ್ಮ ಸಲಹೆಗಾರರೂ ನೆಚ್ಚಿಕೊಂಡಿದ್ದಾರೆ: ಸಾಲ ತೀರಿಸುವ, ಮೇಸ್ತ್ರಿಗೆ ಸುಳ್ಳು ಹೇಳುವ ಹೆಂಡತಿಯೂ ರೋಗಿಯೇ ಅಂತೆ. ಅವಳು ಸುಳ್ಳು ಹೇಳುವುದು ಆ ವಾರದ ಬಟವಾಡೆ ತಪ್ಪದಿರಲಿ ಎಂದು. ಮಕ್ಕಳ ಹೊಟ್ಟೆಗೆ ಬೇರೆ ದಾರಿಯಿಲ್ಲ. ಇದನ್ನು ವ್ಯಕ್ತಿತ್ವದ ದೋಷವೆನ್ನುವುದು ಅನ್ಯಾಯ. ಇಂಗ್ಲೆಂಡಿನ ಜಿಮ್ ಆರ್ಫರ್ಡ್ ಮತ್ತು ಜೊತೆಗಾರರು ಇದನ್ನು ಸರಿಯಾಗಿ ಕಂಡರು: ಇವರು ವಿಪರೀತ ಒತ್ತಡದಲ್ಲಿ ಬದುಕುವ ಸಾಮಾನ್ಯರು, ಇವರಿಗೆ ಬೇಕಾದದ್ದು ಆಸರೆ. ಎರಡನೆಯ ಉತ್ತರ ಸ್ತ್ರೀಪರ ಕಾಳಜಿಯದು: ಹೆಂಡತಿಯನ್ನು ಇದರಿಂದ ಪೂರ್ತಿ ಬಿಡಿಸಿ, ಗಂಡನ ಚಿಕಿತ್ಸೆ ಆಸ್ಪತ್ರೆಯ ಪಾಡು. ಈ ಕಾಳಜಿಯ ಹಿಂದಿನ ಸಿಟ್ಟು ನನ್ನದೂ ಹೌದು. ಏಟು ಬೀಳುವ ಮನೆಯಲ್ಲಿ ಮೊದಲು ಅವಳ ರಕ್ಷಣೆ, ಉಳಿದದ್ದೆಲ್ಲ ಆಮೇಲೆ ಎಂಬುದೂ ನಿಜ. ಆದರೆ ಆಸ್ಪತ್ರೆ ಬಿಡಿಸಿದ ಮಾತ್ರಕ್ಕೆ ಅವಳಿಗೆ ಬಿಡುಗಡೆಯಿಲ್ಲ. ರಾತ್ರಿ ಬಾಗಿಲು ತೆರೆಯುವವಳು, ಚರಂಡಿಯಿಂದ ಎತ್ತಿ ತರುವವಳು ಅವಳೇ. ಚಿಕಿತ್ಸೆಯಿಂದ ಹೊರಗಿಟ್ಟರೆ ಅದೇ ಕೆಲಸವನ್ನು ಯಾರ ನೆರವೂ ಇಲ್ಲದೆ ಮಾಡುತ್ತಾಳೆ.

ಈ ಜಗಳದಲ್ಲಿ ಅರ್ಧವಷ್ಟೇ ಓದಲ್ಪಟ್ಟ ಅಧ್ಯಯನವೊಂದಿದೆ. 1999ರಲ್ಲಿ ಮಿಲ್ಲರ್, ಮೈಯರ್ಸ್ ಮತ್ತು ಟೋನಿಗನ್ ಚಿಕಿತ್ಸೆಗೆ ಬರಲೊಪ್ಪದ ಕುಡುಕರ ಮನೆಯವರಲ್ಲಿ 130 ಜನರನ್ನು ಮೂರು ಗುಂಪು ಮಾಡಿದರು. ಕುಡುಕರ ಮನೆಯವರ ಸ್ವಸಹಾಯ ಕೂಟವಾದ ಅಲ್-ಅನಾನ್ ಹಾದಿಯಲ್ಲಿ ಹೋದವರ ಪೈಕಿ ನೂರಕ್ಕೆ 13, ಎಲ್ಲರೂ ಸೇರಿ ಎದುರು ಕೂರಿಸಿ ಹೇಳುವ ಜಾನ್ಸನ್ ವಿಧಾನದಲ್ಲಿ 30, ಮೈಯರ್ಸ್ ಮನೆಯವರಿಗಾಗಿ ರೂಪಿಸಿದ ‘ಕ್ರಾಫ್ಟ್’ ತರಬೇತಿಯಲ್ಲಿ 64 ಜನರ ಮನೆಯ ಕುಡುಕರು ಚಿಕಿತ್ಸೆಗೆ ಬಂದರು. ಎಲ್ಲರೂ ಉದಾಹರಿಸುವುದು ಆ 64ನ್ನು. ನನಗೆ ಮುಖ್ಯವಾಗುವುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ: ಮೂರೂ ಗುಂಪುಗಳಲ್ಲಿ ಮನೆಯವರ ಸ್ವಂತ ಸ್ಥಿತಿ ಸರಿಸುಮಾರು ಒಂದೇ ಮಟ್ಟಕ್ಕೆ ಸುಧಾರಿಸಿತ್ತು. ಗಂಡನನ್ನು ಕರೆತರುವುದರಲ್ಲಿ ಸೋತ ವಿಧಾನದಲ್ಲೂ ಅವಳಿಗೆ ಒಳ್ಳೆಯದಾಗಿತ್ತು.

ಹಾಗಿದ್ದಮೇಲೆ ಅವಳ ಚಿಕಿತ್ಸೆ ಅವನ ಫೈಲಿನೊಳಗೆ ಯಾಕಿರಬೇಕು? ಅವನು ಫಾಲೋಅಪ್‌ಗೆ ಬರುವುದು ನಿಲ್ಲಿಸಿದ ದಿನ ಅವಳ ಓಡಾಟವೂ ನಿಲ್ಲುತ್ತದೆ, ಅವಳಿಗೆ ಅತಿ ಹೆಚ್ಚು ನೆರವು ಬೇಕಾದದ್ದು ಆ ದಿನವೇ ಆದರೂ. ಗೋವಾದ ಸಂಗಾತ್ ಸಂಸ್ಥೆ ಮನೆಯವರಿಗೆ ನೆರವಾಗುವ ಆರ್ಫರ್ಡ್ ತಂಡದ ಐದು ಹೆಜ್ಜೆಗಳ ವಿಧಾನವನ್ನು ಇಲ್ಲಿಗೆ ಒಗ್ಗಿಸಿ, ತರಬೇತಿ ಕೊಟ್ಟ ಸಾಮಾನ್ಯ ಸಲಹೆಗಾರರ ಮೂಲಕ ಪ್ರಯೋಗಿಸಿದೆ. ಮನೋವೈದ್ಯರ ಕೊರತೆ ಎಂಬ ನೆಪಕ್ಕೆ ಅಲ್ಲಿ ಉತ್ತರವಿದೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಅವಳದೇ ಹೆಸರಿನ ಓಪಿಡಿ ಚೀಟಿ, ಅವಳದೇ ಭೇಟಿಯ ದಿನ ಇರಲಿ, ಗಂಡ ಬಂದರೂ, ಬಾರದಿದ್ದರೂ.