ಮಿದುಳು ಜ್ವರ: ಹೆಸರು ಒಂದೇ, ಕಾರಣ ಹಲವು

ಉಷ್ಣ ಬೇರೆ, ತಾಪ ಬೇರೆ ಎಂದು ವಿದ್ಯಾರ್ಥಿಗಳಿಗೆ ಮನಗಾಣಿಸಲು ಭೌತವಿಜ್ಞಾನದ ಅಧ್ಯಾಪಕರಾದ ನಾವು ಸಾಕಷ್ಟು ಹೆಣಗುತ್ತೇವೆ. ಆದರೆ ನಮ್ಮ ಕನ್ನಡ ವಿಜ್ಞಾನ ಬರಹಗಳಲ್ಲಿ ‘ಮಿದುಳು ಜ್ವರ’ ಎಂಬ ಪದಕ್ಕೆ ಅಂಥ ಎಚ್ಚರ ಕಾಣುವುದಿಲ್ಲ. ಎನ್ಸೆಫಲೈಟಿಸ್‌ಗೂ ಅದೇ ಹೆಸರು, ಮಿದುಳ ಪೊರೆಯ ಉರಿಯೂತವಾದ ಮೆನಿಂಜೈಟಿಸ್‌ಗೂ ಅದೇ ಹೆಸರು. ಇದು ಸರಿಯೆ?

ಕಾರ್ಗಲ್ ಸುತ್ತಿನವರಿಗೆ ಈ ಪದ ಕೇಳಿದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರ ಪ್ರಾಣ ತೆಗೆಯಿತು. ವೈರಸ್ ಹರಡುವುದು ಉಣ್ಣೆಗಳ ಕಡಿತದಿಂದ. ಕೆಲವರಲ್ಲಿ ಜ್ವರ ಬಿಟ್ಟು ಮತ್ತೆ ಬಂದಾಗ ಮಿದುಳೂ ಬಾಧೆಗೊಳಗಾಗುತ್ತದೆ. ಇಲ್ಲಿ ಕಾರಣ ಸ್ಪಷ್ಟ: ಸೋಂಕು.

ಈಗ ಪಗ್ ನಾಯಿಯನ್ನು ನೋಡಿ. 2003ರ ಹಚ್ ಮೊಬೈಲ್ ಜಾಹೀರಾತು ಈ ತಳಿಯನ್ನು ಮನೆಮಾತಾಗಿಸಿತು. ಪಗ್, ಮಾಲ್ಟೀಸ್, ಯಾರ್ಕ್‌ಷೈರ್ ಟೆರಿಯರ್‌ನಂಥ ಸಣ್ಣ ತಳಿಗಳಲ್ಲಿ ಮಿದುಳಿನ ಉರಿಯೂತ ಹೆಚ್ಚು. ಫಿಟ್ಸ್ ಬರುತ್ತದೆ, ನಾಯಿ ಒಂದೇ ಕಡೆ ಸುತ್ತುತ್ತದೆ, ಕಣ್ಣು ಮಂದವಾಗುತ್ತದೆ. ಆದರೆ ರೋಗಾಣು ಸಿಗುವುದಿಲ್ಲ, ಜ್ವರವೂ ಇರಲೇಬೇಕೆಂದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ ಎಂಬುದು ಇಂದಿನ ತಿಳಿವಳಿಕೆ. ಪಗ್‌ಗಳಲ್ಲಿ ರಕ್ಷಣಾ ವ್ಯವಸ್ಥೆಯ ಕೆಲವು ಜೀನುಗಳಿಗೂ ಈ ರೋಗಕ್ಕೂ ನಂಟು ಕಂಡುಬಂದಿದೆ. ಇದು ಅಂಟುರೋಗವಲ್ಲ.

ಇದನ್ನೂ ‘ಮಿದುಳು ಜ್ವರ’ ಎಂದು ಬರೆದರೆ ಏನಾಗುತ್ತದೆ? ಸೋಂಕೆಂದು ಹೆದರಿ ನಾಯಿಯನ್ನು ಬೀದಿಗೆ ಬಿಡುವವರಿದ್ದಾರೆ. ಚಿಕಿತ್ಸೆಯೂ ತಲೆಕೆಳಗಾಗಬಹುದು: ಇಲ್ಲಿ ಸ್ಟೀರಾಯ್ಡ್ ಕೊಟ್ಟು ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಬೇಕು, ಸೋಂಕಿದ್ದಲ್ಲಿ ಅದೇ ಔಷಧ ಅಪಾಯ ತರಬಹುದು. ಆದ್ದರಿಂದಲೇ ಪಶುವೈದ್ಯರು ಎಂಆರ್‌ಐ, ಮಿದುಳುಬಳ್ಳಿಯ ದ್ರವದ ಪರೀಕ್ಷೆಗಳಿಂದ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತಾರೆ.

ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಘೋರ. ರೇಬೀಸ್ ಕೂಡ ಮಿದುಳಿನ ಉರಿಯೂತವೇ. ಲಸಿಕೆ ಹಾಕಿಸದ ನಾಯಿಯ ನಡತೆ ಬದಲಾದರೆ ಮೊದಲು ಸಂಶಯಪಡಬೇಕಾದದ್ದು ಅದನ್ನು. ಅದು ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ‘ಪಗ್‌ಗೆ ಬರುವ ರೋಗವಷ್ಟೆ’ ಎಂದು ಕೂತರೆ ಜೀವವೇ ಹೋದೀತು.

ಜನಬಳಕೆಯ ಪದವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ತುರ್ತು ಎಚ್ಚರಿಕೆ ಕೊಡಲು ಅದು ಬೇಕು. ಆದರೆ ಪಾಠದಲ್ಲಿ, ಲೇಖನದಲ್ಲಿ ‘ಮಿದುಳಿನ ಉರಿಯೂತ’ ಎಂದು ಬರೆದು, ಜೊತೆಗೆ ಕಾರಣವನ್ನೂ ಹೇಳೋಣ: ವೈರಸ್‌ನಿಂದ, ಬ್ಯಾಕ್ಟೀರಿಯದಿಂದ, ಇಲ್ಲವೆ ರೋಗಾಣುವಿಲ್ಲದೆ. ಉರಿಯೂತ ದೇಹದ ಪ್ರತಿಕ್ರಿಯೆ. ಸೋಂಕು ಅದರ ಕಾರಣಗಳಲ್ಲಿ ಒಂದು ಮಾತ್ರ. ಇಷ್ಟು ತಿಳಿದ ವಿದ್ಯಾರ್ಥಿ ಯಾವ ರೋಗದ ಹೆಸರು ಕೇಳಿದರೂ ‘ಕಾರಣವೇನು?’ ಎಂದು ಕೇಳುತ್ತಾನೆ. ವಿಜ್ಞಾನ ಕಲಿಸಬೇಕಾದದ್ದೂ ಆ ಪ್ರಶ್ನೆಯನ್ನೇ.