ಚಮಚ ಬೇಡುವ ಪಾನೀಯ: ಮೆಕ್ಸಿಕೋದ ಪೊಂಚೆ

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಮೆಕ್ಸಿಕೋದ ಕೇರಿಗಳಲ್ಲಿ ಪೊಸಾದಾ ನಡೆಯುತ್ತದೆ. ತುಂಬು ಗರ್ಭಿಣಿ ಮೇರಿಯನ್ನು ಕರೆದುಕೊಂಡು ಜೋಸೆಫ್ ಬೆತ್ಲೆಹೇಮಿನಲ್ಲಿ ತಂಗಲು ಜಾಗ ಹುಡುಕಿದ ಪ್ರಸಂಗವನ್ನು ಜನ ಆಡಿ ತೋರಿಸುವ ಆಚರಣೆ ಅದು. ಮೇಣದಬತ್ತಿ ಹಿಡಿದ ಗುಂಪು ಬಾಗಿಲಲ್ಲಿ ನಿಂತು ಹಾಡಿನಲ್ಲೇ ಜಾಗ ಕೇಳುತ್ತದೆ. ಒಳಗಿನವರು ಹಾಡಿನಲ್ಲೇ ಇಲ್ಲವೆನ್ನುತ್ತಾರೆ. ಕೊನೆಗೊಮ್ಮೆ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಮೆಕ್ಸಿಕೋ ನಗರದ ಡಿಸೆಂಬರ್ ಚಳಿಯಲ್ಲಿ ಅಷ್ಟು ಹೊತ್ತು ನಿಂತು ಬಂದವರ ಕೈಗೆ ಮೊದಲು ಸಿಗುವುದು ಹಬೆಯಾಡುವ ಮಣ್ಣಿನ ಲೋಟ. ಅದರೊಳಗಿರುವುದು ಪೊಂಚೆ.

ಹೊಸಬರು ಇದನ್ನು ಮಸಾಲೆ ಹಾಕಿದ ಹಣ್ಣಿನ ರಸ ಎಂದುಕೊಂಡು ಕುಡಿದು, ಹಣ್ಣನ್ನು ತಳದಲ್ಲೇ ಬಿಟ್ಟು ಲೋಟ ಕೆಳಗಿಡುತ್ತಾರೆ. ಅಲ್ಲಿಗೆ ಪೊಂಚೆಯ ಅರ್ಧ ಸುಖ ತಪ್ಪಿಹೋಯಿತು. ಅಲ್ಲಿನ ಮನೆಗಳಲ್ಲಿ ಬಡಿಸುವವರು ಸೌಟನ್ನು ತಳಕ್ಕಿಳಿಸಿ ಪ್ರತಿ ಲೋಟಕ್ಕೂ ಹಣ್ಣು ಬರುವಂತೆ ಮೊಗೆಯುತ್ತಾರೆ, ಜೊತೆಗೊಂದು ಚಮಚ ಕೊಡುತ್ತಾರೆ. ಕುಡಿಯುತ್ತಾ ತಿನ್ನಬೇಕು, ತಿನ್ನುತ್ತಾ ಕುಡಿಯಬೇಕು. ಕಬ್ಬಿನ ತುಂಡನ್ನು ಮಾತ್ರ ಕೈಯಲ್ಲೇ ಎತ್ತಿಕೊಂಡು ಜಗಿದು, ರಸ ಹೀರಿ, ಸಿಪ್ಪೆ ಉಗಿಯಬೇಕು. ಇದರಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಈ ಪಾನೀಯದ ಜೀವಾಳ ತೆಹೊಕೋತೆ ಎಂಬ ಪುಟ್ಟ ಹಣ್ಣು. ಮೆಕ್ಸಿಕೋದ ಎತ್ತರದ ನಾಡಿನದೇ ಮರ, ಸೇಬಿನ ದೂರದ ನೆಂಟ. ಹಣ್ಣು ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ, ಬಣ್ಣ ಹಳದಿಯಿಂದ ಕಿತ್ತಳೆ, ಮೈಮೇಲೆ ಅಲ್ಲಲ್ಲಿ ಕಂದು ಚುಕ್ಕಿ. ಪ್ವೆಬ್ಲಾ ರಾಜ್ಯದಲ್ಲಿ ಇದರ ತೋಟಗಳು ಹೆಚ್ಚು. ಹಸಿಯಾಗಿ ಕಚ್ಚಿದರೆ ಹಿಟ್ಟುಹಿಟ್ಟು, ಹುಳಿ, ಅಷ್ಟೇನೂ ರುಚಿಯಿಲ್ಲ. ಬಿಸಿಗೆ ಬಿದ್ದ ಮೇಲೆ ಅದರ ಗುಣ ಬೇರೆ. ಕೆಲವು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಡಿಲವಾಗುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ, ಒಳಗಿನ ಬಂಗಾರದ ಬಣ್ಣದ ತಿರುಳು ಇಡಿಯಾಗಿ ಈಚೆ ಬರುತ್ತದೆ. ತೊಟ್ಟು ಮತ್ತು ಹೂವಿನ ತುದಿಯನ್ನು ಚಾಕುವಿನಿಂದ ಕಿತ್ತು, ಬೀಜ ಒಳಗೇ ಬಿಟ್ಟು ಪಾತ್ರೆಗೆ ಹಾಕುತ್ತಾರೆ. ಈ ಹಣ್ಣಿನಲ್ಲಿ ಪೆಕ್ಟಿನ್ ಹೇರಳವಾಗಿದೆ. ಜಾಮ್ ಗಟ್ಟಿಯಾಗುವುದು ಈ ಪೆಕ್ಟಿನ್‌ನಿಂದಲೇ. ಅದು ಕುದಿಯುವ ನೀರಿಗೆ ಇಳಿದಾಗ ಪೊಂಚೆಗೆ ನಯವಾದ, ತುಟಿಗೆ ಹತ್ತುವ ಒಂದು ಮಂದ ಬರುತ್ತದೆ. ಒಳ್ಳೆಯ ಪೊಂಚೆಯನ್ನು ಗುರುತಿಸುವ ಮೊದಲ ಲಕ್ಷಣ ಈ ಮಂದ. ನೀರಿನಂತೆ ಗಂಟಲಿಗೆ ಓಡಿಹೋದರೆ ಅಡುಗೆಯವರು ತೆಹೊಕೋತೆಯಲ್ಲಿ ಜಿಪುಣತನ ಮಾಡಿದ್ದಾರೆ ಎಂದು ತಿಳಿಯಿರಿ.

ಎರಡನೆಯದು ಸೀಬೆ. ಧಾರವಾಡದ ಕಡೆಯವರ ಪೇರಲ. ಇದರ ತವರೂ ಅಮೆರಿಕ ಖಂಡವೇ. ಪೊಂಚೆಯ ಪರಿಮಳದ ಮುಕ್ಕಾಲು ಪಾಲು ಸೀಬೆಯದು. ಅದಕ್ಕೇ ಅದನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ಪರಿಮಳ ಹಬೆಯೊಂದಿಗೆ ಹೋಗುತ್ತದೆ, ತಿರುಳು ಕದಡಿ ಬೀಜಗಳೆಲ್ಲ ನೀರಲ್ಲಿ ತೇಲುತ್ತವೆ. ಪೊಂಚೆ ಕೆಡುವುದು ಬಹುಪಾಲು ಈ ಕಾರಣಕ್ಕೇ. ಯಾವ ಹಣ್ಣು ಯಾವಾಗ ಬೀಳಬೇಕು ಎಂಬ ಸರದಿ ತಿಳಿದರೆ ಈ ಅಡುಗೆಯ ಮುಖ್ಯ ವಿದ್ಯೆ ಕೈಗೆ ಬಂದಂತೆ. ಬಡಿಸಿದವರ ಕೈಗುಣವನ್ನು ಅಳೆಯುವುದೂ ಅದರಿಂದಲೇ. ಲೋಟದಲ್ಲಿ ಪ್ರತಿ ಹಣ್ಣೂ ತನ್ನ ಆಕಾರದಲ್ಲಿದ್ದು, ಚಮಚ ಒತ್ತಿದರೆ ಮಾತ್ರ ಮುರಿಯಬೇಕು.

ಮಾಡುವವರಿಗೆ ಒಂದು ಅಳತೆ ಹೇಳುತ್ತೇನೆ. ನಾಲ್ಕು ಲೀಟರ್ ನೀರಿಗೆ 250 ಗ್ರಾಂ ಬೆಲ್ಲ, ಬೆರಳುದ್ದದ ಎರಡು ಚಕ್ಕೆ, ನಾಲ್ಕು ಲವಂಗ. ಲವಂಗ ಹೆಚ್ಚಾದರೆ ಉಳಿದದ್ದೆಲ್ಲ ಸತ್ತುಹೋಗುತ್ತದೆ, ಎಚ್ಚರ. ನೀರು ಕುದಿಗೆ ಬಂದಾಗ ಗೇಣುದ್ದದ ಎರಡು ಕಬ್ಬಿನ ತುಂಡನ್ನು ಸಿಪ್ಪೆ ಹೆರೆದು, ಗಿಣ್ಣು ತೆಗೆದು, ಉದ್ದಕ್ಕೆ ಸೀಳಿ ಹಾಕಿ. ಅದರ ಜೊತೆಗೇ ಅರ್ಧ ಕಿಲೋ ತೆಹೊಕೋತೆ ಮತ್ತು ಓಡು ನಾರು ಬಿಡಿಸಿದ ಏಳೆಂಟು ಹುಣಸೆಹಣ್ಣು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಲಿ. ಆಮೇಲೆ ಹೋಳು ಮಾಡಿದ ಎರಡು ಸೇಬು, ಒಂದು ಹಿಡಿ ಒಣಗಿದ ಪ್ಲಮ್, ಸ್ವಲ್ಪ ಒಣದ್ರಾಕ್ಷಿ. ಕಡೆಯ ಹತ್ತು ನಿಮಿಷಕ್ಕೆ, ನಾಲ್ಕು ಭಾಗ ಮಾಡಿದ ಎಂಟು ಸಣ್ಣ ಸೀಬೆ. ಉರಿ ಆರಿಸಿ, ಮುಚ್ಚಳ ಮುಚ್ಚಿ, ಕಾಲು ಗಂಟೆ ಬಿಟ್ಟು ಬಡಿಸಿ.

ಬಣ್ಣಕ್ಕೂ ಹುಳಿಗೂ ಹಮಾಯಿಕಾ ಹಾಕುವವರಿದ್ದಾರೆ. ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿಯ ಬಳಗದ ಗಿಡದ್ದು. ಹೂ ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡಿರುವ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿಟ್ಟಿರುತ್ತಾರೆ. ಅದು ಬಿದ್ದರೆ ಪೊಂಚೆ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಜೇನಿನ ಕಂದು. ಎರಡೂ ಸರಿಯೇ. ಆದರೆ ಹುಣಸೆ ಮತ್ತು ಹಮಾಯಿಕಾ ಎರಡನ್ನೂ ಧಾರಾಳವಾಗಿ ಹಾಕಿದರೆ ಹುಳಿ ಮುಂದಾಗಿ ಹಣ್ಣುಗಳು ಹಿಂದೆ ಸರಿಯುತ್ತವೆ. ನನ್ನ ಆಯ್ಕೆ ಹುಣಸೆ.

ಸಿಹಿಯ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಅಲ್ಲಿ ಪೊಂಚೆಗೆ ಬಳಸುವ ಪಿಲೊನ್ಸಿಯೊ ಕಬ್ಬಿನ ಹಾಲನ್ನು ಕಾಯಿಸಿ ಶಂಕುವಿನ ಅಚ್ಚಿಗೆ ಹೊಯ್ದ ಬೆಲ್ಲವೇ. ನಮ್ಮ ಕಪ್ಪು ಬಣ್ಣದ ಬೆಲ್ಲ ಅದರ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಹಳದಿಯಾಗಿ ಹೊಳೆಯುವ ಬೆಲ್ಲ ಬರೀ ಸಿಹಿ ಕೊಡುತ್ತದೆ, ಆ ಕರಕಲು ಅಂಚಿನ ರುಚಿ ಕೊಡುವುದಿಲ್ಲ. ಮೊದಲೇ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ, ಇಲ್ಲದಿದ್ದರೆ ತಳದಲ್ಲಿ ಮರಳು ಸಿಗುತ್ತದೆ. ಚಕ್ಕೆಯಲ್ಲಿ ಮಾತ್ರ ನಾವು ಎಡವುವ ಸಾಧ್ಯತೆಯಿದೆ. ಮೆಕ್ಸಿಕೋದವರು ಬಳಸುವುದು ಶ್ರೀಲಂಕಾದ ಚಕ್ಕೆ, ತೆಳ್ಳಗಿನ ಪದರಗಳನ್ನು ಒಂದರೊಳಗೊಂದು ಸುತ್ತಿದ್ದು, ಬೆರಳಲ್ಲೇ ಪುಡಿಯಾಗುವಂಥದ್ದು. ನಮ್ಮ ಅಂಗಡಿಯಲ್ಲಿ ಸಿಗುವ ದಪ್ಪ ಗಟ್ಟಿ ಚಕ್ಕೆ ಬಹುಪಾಲು ಕ್ಯಾಸಿಯಾ. ಅದರ ಖಾರ ಹೆಚ್ಚು, ಹೂವಿನಂಥ ಮೃದು ವಾಸನೆ ಕಡಿಮೆ. ಅದೇ ಸಿಕ್ಕರೆ ಎರಡರ ಬದಲು ಒಂದೇ ತುಂಡು ಹಾಕಿ.

ತೆಹೊಕೋತೆ ಕರ್ನಾಟಕದಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿಯಿದೆ. ಕೀಟಭಯದಿಂದ ಅಲ್ಲಿನ ಸರ್ಕಾರ ತಾಜಾ ಹಣ್ಣಿನ ಆಮದನ್ನು ವರ್ಷಗಟ್ಟಲೆ ತಡೆದಿತ್ತು, ಹಬ್ಬಕ್ಕೆ ಅದಿಲ್ಲದೆ ಆಗದ ಮೆಕ್ಸಿಕನ್ನರು ಗಡಿಯಲ್ಲಿ ಕದ್ದು ಸಾಗಿಸುತ್ತಿದ್ದರು. ಈಗ ಕ್ಯಾಲಿಫೋರ್ನಿಯಾದಲ್ಲೇ ಬೆಳೆಯುತ್ತಾರೆ. ಮೆಕ್ಸಿಕನ್ ಅಂಗಡಿಗಳಲ್ಲಿ ಮಂಜುಗಟ್ಟಿಸಿದ್ದು, ಪಾಕದಲ್ಲಿಟ್ಟ ಬಾಟಲಿಯದು ಎರಡೂ ಸಿಗುತ್ತವೆ. ಮಂಜುಗಟ್ಟಿಸಿದ್ದನ್ನೇ ಕೊಳ್ಳಿ. ಬಾಟಲಿಯ ಹಣ್ಣು ಪಾಕದ ಸಿಹಿಯನ್ನು ಮೊದಲೇ ಕುಡಿದಿರುತ್ತದೆ. ಮೈಸೂರು, ಹುಬ್ಬಳ್ಳಿಯಲ್ಲಿರುವವರು ಗಟ್ಟಿ ಹುಳಿ ಸೇಬನ್ನು ಹೆಚ್ಚಿಗೆ ಹಾಕಿಕೊಂಡು, ಮೂಲದ ಮಂದ ಪೂರ್ತಿ ಬಾರದು ಎಂದು ಒಪ್ಪಿಕೊಂಡು ಮಾಡಬೇಕು. ಹೊಸ ಕಬ್ಬೂ ಒಳ್ಳೆಯ ಸೀಬೆಯೂ ಡಿಸೆಂಬರಿನಲ್ಲಿ ನಮ್ಮ ಸಂತೆಯಲ್ಲೇ ಇರುವುದರಿಂದ ಉಳಿದ ಮುಕ್ಕಾಲು ಕೆಲಸ ಸಲೀಸು.

ಸವಿಯುವ ಹೊತ್ತಿಗೆ ಬರೋಣ. ಲೋಟ ಕೈಗೆ ಬಂದ ಕೂಡಲೇ ಕುಡಿಯಬೇಡಿ. ಅತಿ ಬಿಸಿಯಲ್ಲಿ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುವುದಿಲ್ಲ. ಹಬೆಯನ್ನು ಮೂಗಿಗೆ ಎಳೆದುಕೊಳ್ಳಿ. ಸೀಬೆ ಮುಂದೆ, ಚಕ್ಕೆ ಹಿಂದೆ ಬರಬೇಕು. ತಿರುಗುಮುರುಗಾಗಿದ್ದರೆ ಮಸಾಲೆ ಮಿತಿ ಮೀರಿದೆ. ಮೊದಲ ಗುಟುಕಿನಲ್ಲಿ ಬೆಲ್ಲ, ನುಂಗಿದ ಮೇಲೆ ಹುಣಸೆ. ಆ ಹುಳಿ ಬಾಯಿ ತೊಳೆದು ಮುಂದಿನ ಗುಟುಕಿಗೆ ಆಸೆ ಹುಟ್ಟಿಸಬೇಕು. ಆಮೇಲೆ ಚಮಚ ಹಾಕಿ ತೆಹೊಕೋತೆ ಎತ್ತಿ. ಬೆಲ್ಲದ ನೀರು ಹೀರಿ ಉಬ್ಬಿದ ತಿರುಳು ಮೇಲಂಗುಳಕ್ಕೆ ಒತ್ತಿದರೆ ಸಾಕು, ಕರಗುತ್ತದೆ, ಬೀಜಗಳು ನಾಲಿಗೆಯ ಮೇಲೆ ಉಳಿಯುತ್ತವೆ. ಕಬ್ಬನ್ನು ಕಡೆಗೆ ಇಟ್ಟುಕೊಳ್ಳಿ. ತನ್ನ ಸಿಹಿಯನ್ನು ನೀರಿಗೆ ಬಿಟ್ಟು, ಎಲ್ಲ ಹಣ್ಣಿನ ರುಚಿಯನ್ನೂ ನಾರಿನೊಳಗೆ ಎಳೆದುಕೊಂಡಿರುತ್ತದೆ ಅದು.

ದೊಡ್ಡವರು ಲೋಟಕ್ಕೆ ರಮ್ ಅಥವಾ ಟಕೀಲಾ ಸೇರಿಸಿಕೊಳ್ಳುವುದುಂಟು. ಅದನ್ನು ಪಾತ್ರೆಗಲ್ಲ, ಅವರವರ ಲೋಟಕ್ಕೆ ಹಾಕುತ್ತಾರೆ, ಮಕ್ಕಳೂ ಅದೇ ಪಾತ್ರೆಯಿಂದ ಕುಡಿಯುತ್ತಾರಲ್ಲ. ಮಣ್ಣಿನ ಲೋಟ ಕೊಳ್ಳುವವರು ಸೀಸದ ಮೆರುಗು ಇಲ್ಲದ್ದನ್ನೇ ಕೇಳಿ ಕೊಳ್ಳಬೇಕು, ಹುಳಿಯ ಬಿಸಿ ಪಾನೀಯ ಮೆರುಗಿನ ಸೀಸವನ್ನು ಕರಗಿಸಿಕೊಳ್ಳುತ್ತದೆ. ಉಳಿದ ಪೊಂಚೆ ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತದೆ, ಕಾಯಿಸುವಾಗ ಕುದಿಸಬೇಡಿ. ನೀರಿಗೆ ಕಲಸುವ ಸಿದ್ಧ ಪಾಕದ ಬಾಟಲಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳಿಂದ ಈ ಪಾನೀಯದ ಪರಿಚಯ ಮಾಡಿಕೊಳ್ಳಬೇಡಿ. ಅವುಗಳಲ್ಲಿ ತಿನ್ನಲು ಏನೂ ಇರುವುದಿಲ್ಲ.